ಜಡ್ಜ್ ಸಾಹೇಬರ ಗಡ್ಡ

ಅವರ ಗಂಟಲಿನ ಎಡಬದಿಗೆ, ನುಂಗಿದಾಗ ಮೇಲೆ ಕೆಳಗೆ ಆಡುವ ಎಲುಬಿಗೆ ಹತ್ತಿಕೊಂಡಂತೆ, ಕಡಲೆಕಾಳಿನಷ್ಟು ದಪ್ಪದ ಒಂದು ನರೂಲಿ ಇತ್ತು. ಬುಡ ಸಣ್ಣದು, ತಲೆ ದೊಡ್ಡದು, ಬಣ್ಣ ಕಪ್ಪು. ಗದ್ದದಿಂದ ಇಳಿದು ಬಂದ ಕತ್ತಿ ಅಲ್ಲಿ ನಿಲ್ಲಬೇಕು. ಎತ್ತಿ, ಬಲಕ್ಕೆ ಹೊರಳಿಸಿ, ಸುತ್ತುಹಾಕಿ ಕೆಳಗೆ ಒಯ್ಯಬೇಕು. ಆಮೇಲೆ ಕೆಳಗಿನಿಂದ ಮೇಲೆ ಬಂದು, ಅದರ ಬುಡದಲ್ಲಿ ಅಡಗಿದ ಒಂದೆರಡು ಕೂದಲನ್ನು ಕತ್ತಿಯ ಮೂಲೆಯಿಂದ ತೆಗೆಯಬೇಕು. ಸ್ವಲ್ಪ ತಪ್ಪಿದರೂ ರಕ್ತ. ಪಟಿಕ ಒತ್ತಿದರೂ ನಿಲ್ಲದ ರಕ್ತ. ನಾಗಪುರದ ಜನ ಆ ಮುಖವನ್ನು ಕೋರ್ಟಿನ ಎತ್ತರದ ಕುರ್ಚಿಯಲ್ಲಿ ನೋಡಿದ್ದರು. ಆಗ ನರೂಲಿಯನ್ನು ಬಿಳಿ ಕಾಲರು ಮುಚ್ಚಿರುತ್ತಿತ್ತು. ಅದನ್ನು ದಿನಾ ಬೆಳಿಗ್ಗೆ ಗದ್ದ ಎತ್ತಿ ನೋಡುತ್ತಿದ್ದವನು ನಾನೊಬ್ಬನೇ.

ನಾನು ಗದಗಿನ ಕಡೆಯವನು. ಕ್ಷೌರ ನಮ್ಮ ಮನೆತನದ ಕಸುಬು. ಅಪ್ಪ ತೀರಿದಾಗ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಅವನ ಕತ್ತಿ ಹಿಡಿದೆ. ನಾಗಪುರದ ರೈಲ್ವೆಯಲ್ಲಿ ಫಿಟರ್ ಆಗಿದ್ದ ಸೋದರಮಾವ ನನ್ನನ್ನು ಕರೆದುಕೊಂಡು ಬಂದ. ಬೇರೆಯವರ ಅಂಗಡಿಯಲ್ಲಿ ಕೆಲವು ವರ್ಷ ದುಡಿದು, ಸೀತಾಬರ್ಡಿಯಲ್ಲಿ ನನ್ನದೇ ಒಂದು ಅಂಗಡಿ ಮಾಡಿದೆ. ಒಂದೇ ಕುರ್ಚಿ, ಒಂದೇ ಕನ್ನಡಿ. ಆದರೆ ಕುರ್ಚಿ ತೇಗದ್ದು, ಕನ್ನಡಿಯಲ್ಲಿ ಮುಖ ಸೊಟ್ಟ ಕಾಣುತ್ತಿರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಅಂದರೆ ಸುಳ್ಳಾದೀತು. ಜಂಬವೂ ಇತ್ತು.

ಜಡ್ಜ್ ಸಾಹೇಬರು ಜಿಲ್ಲಾ ನ್ಯಾಯಾಧೀಶರಾಗಿ ನಾಗಪುರಕ್ಕೆ ವರ್ಗವಾಗಿ ಬಂದದ್ದು ಐವತ್ತರ ದಶಕದ ಆರಂಭದಲ್ಲಿ. ಅದಕ್ಕೂ ಮೊದಲು ಅವರು ಬ್ರಿಟಿಷರ ಕಾಲದಲ್ಲೇ ಮುನ್ಸಿಫರಾಗಿ ಸೇರಿ, ಬಾಲಾಘಾಟ, ಛಿಂದವಾಡಾ, ವರ್ಧಾ, ಯವತಮಾಳ ಎಂದು ಆ ಪ್ರಾಂತ್ಯದ ಕೋರ್ಟುಗಳನ್ನೆಲ್ಲ ಸುತ್ತಿದ್ದರು. ಭಂಡಾರಾದಲ್ಲಿದ್ದಾಗ ಒಮ್ಮೆ ತಾವೇ ಕ್ಷೌರ ಮಾಡಿಕೊಳ್ಳಲು ಹೋಗಿ ನರೂಲಿ ಕೊಯ್ದುಕೊಂಡು, ಇಡೀ ದಿನ ಗಂಟಲಿಗೆ ಹತ್ತಿ ಒತ್ತಿಕೊಂಡು ಸಾಕ್ಷಿ ಕೇಳಿದ್ದರಂತೆ. ಇನ್ನೊಮ್ಮೆ ಹಾಗೆ ಆಗಕೂಡದು ಎಂದು ಡಾಕ್ಟರು ಎಚ್ಚರಿಸಿದ್ದರು. ಇಲ್ಲಿಗೆ ಬಂದ ಹೊಸದರಲ್ಲಿ ಯಾರೋ ಒಬ್ಬ ಮತ್ತೆ ಅದನ್ನು ಕೊಯ್ದ. ಆಗ ಅವರ ಚಪರಾಸಿ ಹುಡುಕುತ್ತ ನನ್ನ ಅಂಗಡಿಗೆ ಬಂದ.

ಮೊದಲ ದಿನ ಸಿವಿಲ್ ಲೈನ್ಸಿನ ಆ ಬಂಗಲೆಯ ವರಾಂಡದಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತು, ಮರಾಠಿಯಲ್ಲಿ ಯಾವ ಊರು ಎಂದು ಕೇಳಿದರು. ಗದಗ ಎಂದೆ. ಕಣ್ಣು ಮುಚ್ಚಿಕೊಂಡರು. "ಹಂಗಾದ್ರ ಕನ್ನಡದಾಗ ಮಾತಾಡು," ಅಂದರು.

ಅವರ ಅಜ್ಜ ಧಾರವಾಡದ ಕಡೆಯಿಂದ ತಂತಿ ಆಫೀಸಿನ ನೌಕರಿಗೆ ಬಂದು ಇಲ್ಲೇ ಉಳಿದವರು. ಇವರು ಓದಿದ್ದು ಮರಾಠಿ, ಇಂಗ್ಲಿಷು. ಹೆಂಡತಿ ಪುಣೆಯ ಕಡೆಯವರು. ತಾಯಿ ಹೋದ ಮೇಲೆ ಮನೆಯಲ್ಲಿ ಕನ್ನಡ ನಿಂತುಹೋಗಿತ್ತು. ಊರಿನ ಕನ್ನಡದವರ ಜೊತೆ ಮಾತಾಡಬಹುದಿತ್ತಲ್ಲ ಎಂದರೆ, ಅವರು ಯಾರ ಮನೆಗೂ ಹೋಗುತ್ತಿರಲಿಲ್ಲ, ಯಾರನ್ನೂ ಕರೆಯುತ್ತಿರಲಿಲ್ಲ. ಮದುವೆ, ಮುಂಜಿವೆ, ಗಣಪತಿ, ಯಾವುದೂ ಇಲ್ಲ. ಇವತ್ತು ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವನು ನಾಳೆ ಕಟಕಟೆಯಲ್ಲಿ ನಿಂತರೆ ಏನು ಮಾಡುವುದು ಎಂಬುದು ಅವರ ಲೆಕ್ಕ. ಕಿತ್ತಳೆಯ ಸುಗ್ಗಿಯಲ್ಲಿ ಬುಟ್ಟಿ ತಂದವರು ಬುಟ್ಟಿಯನ್ನು ಹಾಗೇ ಹೊತ್ತು ಮರಳುತ್ತಿದ್ದರು. ಸಾಹೇಬರು ಸಂಜೆ ತಾವೇ ಬಜಾರಿಗೆ ಹೋಗಿ, ಚೌಕಾಸಿ ಮಾಡಿ, ಹುಳಿ ಕಿತ್ತಳೆ ಕೊಂಡು ಬರುತ್ತಿದ್ದರು. ಅವರಿಗೆ ಹಣ್ಣು ಆರಿಸಲು ಬರುತ್ತಿರಲಿಲ್ಲ. ದಸರೆಗೆ ಬನ್ನಿ ಕೊಡಲು ಬಂದವರಿಂದ ಮಾತ್ರ ಗೇಟಿನಲ್ಲೇ ನಿಂತು ಎಲೆ ತೆಗೆದುಕೊಂಡು, ಎಲೆ ಕೊಟ್ಟು, ಕೈಮುಗಿದು ಒಳಗೆ ಹೋಗುತ್ತಿದ್ದರು. ನಮ್ಮವರಿಗೆ ಇದು ಬಹಳ ಸಿಟ್ಟು. ನಮ್ಮವನು ದೊಡ್ಡ ಕುರ್ಚಿಯಲ್ಲಿದ್ದರೂ ನಮಗೇನು ಉಪಯೋಗ ಎಂದು ಆಡಿಕೊಳ್ಳುತ್ತಿದ್ದರು.

ಹೀಗಾಗಿ ದಿನದಲ್ಲಿ ಅವರು ಕನ್ನಡ ಮಾತಾಡುತ್ತಿದ್ದದ್ದು ನಾನು ನೊರೆ ಹಚ್ಚಲು ಶುರುಮಾಡಿದಾಗಿನಿಂದ ಬಿಸಿನೀರಿನ ಬಟ್ಟೆ ಒತ್ತುವ ತನಕ. ಹಳೆಯ ಕನ್ನಡ, ತಾಯಿಯಿಂದ ಕಲಿತದ್ದು. ಅಡುಗೆಮನೆಯ ಮಾತು ಎಲ್ಲಾ ಬರುತ್ತಿತ್ತು. ದೊಡ್ಡ ಮಾತು ಬೇಕಾದಾಗ ತಡವರಿಸಿ ಮರಾಠಿಗೆ ಹೊರಳುತ್ತಿದ್ದರು. ಜೋಳದ ರೊಟ್ಟಿ, ಮಾದಲಿ, ಗದಗಿನ ಗಾಳಿ, ನನ್ನ ಹೆಂಡತಿಗೆ ನಾಗಪುರದ ನೀರು ಹಿಡಿಸಿತೋ ಇಲ್ಲವೋ, ಇಂಥವೇ ಮಾತು. ಕೋರ್ಟಿನ ಸುದ್ದಿ ಒಂದು ದಿನವೂ ಬರಲಿಲ್ಲ.

ನಾನು ಮಾತ್ರ ಮಾತುಗಾರ. ಯಾರ ಮೇಲಾದರೂ ದೂರು ಇದ್ದೇ ಇರುತ್ತಿತ್ತು. ಸಾಹೇಬರು ಕಣ್ಣುಮುಚ್ಚಿ ಪೂರ್ತಿ ಕೇಳಿ, ಕೊನೆಗೆ ಒಂದೇ ಮಾತು ಕೇಳುತ್ತಿದ್ದರು: "ಅವಾ ಏನಂತಾನ?"

ನನ್ನ ಅಂಗಡಿಯ ಪಕ್ಕ ಒಬ್ಬ ಚಹಾದವನಿದ್ದ. ಅವನ ಮೋರಿ ನೀರು ನನ್ನ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಅವನನ್ನು ಚೆನ್ನಾಗಿ ಬೈದು ಹೇಳಿದೆ.

"ಅವಾ ಏನಂತಾನ?"

"ಅವಾ ಏನಂತಾನ್ರೀ ಸಾಹೇಬ್ರ, ಸುಳ್ಳ ಹೇಳತಾನ."

"ಏನ್ ಸುಳ್ಳ?"

ನನಗೆ ಗೊತ್ತಿರಲಿಲ್ಲ. ನಾನು ಅವನನ್ನು ಕೇಳಿಯೇ ಇರಲಿಲ್ಲ. ಆ ಸಂಜೆ ಹೋಗಿ ಕೇಳಿದೆ. ಅವನು ಒಂದು ಕಟ್ಟಿಗೆ ತಂದು ಮೋರಿಯ ಬಾಯಿಯಿಂದ ಎಳೆದು ತೋರಿಸಿದ: ಕಪ್ಪು, ಬಿಳಿ, ಕೆಂಚು, ಊರಿನ ತಲೆಗಳ ಕೂದಲೆಲ್ಲ ಒಂದು ಗಂಟಾಗಿ ಹೊರಬಂತು. ಮರುದಿನ ಸಾಹೇಬರಿಗೆ ಮೋರಿ ಸ್ವಚ್ಛವಾಯಿತು ಎಂದು ಮಾತ್ರ ಹೇಳಿದೆ. ಅವರೂ ಹೆಚ್ಚು ಕೇಳಲಿಲ್ಲ. ನೊರೆಯ ಕೆಳಗೆ ಕೆನ್ನೆ ಸ್ವಲ್ಪ ಅಲುಗಿತು.

ಆ ಕೆನ್ನೆ ನನಗೆ ಬಹಳ ಹೇಳುತ್ತಿತ್ತು. ಕೊಲೆಯ ಕೇಸುಗಳೂ ಅವರ ಮುಂದೆಯೇ ನಡೆಯುತ್ತಿದ್ದವು. ಗಲ್ಲಿನ ತೀರ್ಪು ಓದುವ ದಿನ ಅವರು ನನಗೆ ಹೇಳಬೇಕಾಗಿರಲಿಲ್ಲ. ಚರ್ಮ ಬಿಗಿದು ನಿಲ್ಲುತ್ತಿತ್ತು, ಎಷ್ಟು ನೊರೆ ಹಚ್ಚಿದರೂ ಕತ್ತಿಗೆ ಬಗ್ಗುತ್ತಿರಲಿಲ್ಲ. ಅಂಥ ದಿನ ಅವರು ಊಟ ಮಾಡದೆ ಹೋಗುತ್ತಿದ್ದರು ಎಂದು ಚಪರಾಸಿ ಹೇಳುತ್ತಿದ್ದ. ಅಂಥದೊಂದು ಬೆಳಿಗ್ಗೆ, ನರೂಲಿಯ ಹತ್ತಿರ ನಾನು ಕತ್ತಿ ಎತ್ತಿದಾಗ, "ತಮ್ಮಾ, ಇಲ್ಲಿ ನಿನ್ನ ಕೈ ನಡಗೂದಿಲ್ಲೇನು?" ಎಂದು ಕೇಳಿದರು.

"ಅನುಮಾನ ಬಂದ್ರ ಎತ್ತಿಬಿಡತೇನ್ರಿ."

"ನಿನಗ ಅದು ಚಲೋ," ಅಂದರು. "ನನಗ ಎತ್ತಿದ ಮ್ಯಾಲೂ ಎಲ್ಲೋ ಒಂದ್ ಕಡೆ ಇಡಬೇಕಾಗತೈತಿ."

ನನ್ನ ಅಂಗಡಿಯ ಜಾಗ ಒಬ್ಬ ಶೇಟಜಿಯದು. ಬಾಡಿಗೆಯ ವಿಷಯದಲ್ಲಿ ಅವನು ನನಗಾಗಲಿ ನಾನು ಅವನಿಗಾಗಲಿ ಒಂದು ಮಾತು ಆಡಿದ್ದಿಲ್ಲ. ಒಂದು ದೀಪಾವಳಿ ಕಳೆದ ಮೇಲೆ ಬಂದು, ಜಾಗ ತನ್ನ ಮಗನಿಗೆ ಬೇಕು, ಬಟ್ಟೆ ಅಂಗಡಿ ಇಡಿಸುತ್ತೇನೆ, ಬಿಡು ಎಂದ. ನಾನು ಬಿಡುವುದಿಲ್ಲ ಎಂದೆ. ಆ ಜಾಗಕ್ಕೆ ಗಿರಾಕಿಗಳು ಬಂದದ್ದು ನನ್ನ ಕೈ ನೋಡಿ. ಅಲ್ಲಿಂದ ಎದ್ದರೆ ಮತ್ತೆ ಬೇರೆಯವರ ಕುರ್ಚಿಯ ಹಿಂದೆ ನಿಲ್ಲಬೇಕು. ಅದು ನನ್ನಿಂದ ಆಗದ ಮಾತು. ಶೇಟಜಿ ದಾವೆ ಹೂಡಿದ.

ಆ ಸುದ್ದಿ ಕೇಳಿ ಮಾಮಾ ಹೊಟ್ಟೆ ಹಿಡಿದು ನಕ್ಕ. "ಲೇ ಅಳಿಯಾ, ಜಿಲ್ಲಾ ಜಡ್ಜನ ಕುತ್ತಿಗಿ ದಿನಾ ನಿನ್ನ ಕೈಯಾಗ ಐತಿ. ಶೇಟ ಯಾವ ಲೆಕ್ಕ?" ಅಂಗಡಿಯಲ್ಲಿದ್ದ ಗಿರಾಕಿಗಳೂ ನಕ್ಕರು. ನಾನು ನಗಲಿಲ್ಲ. ಬೇರೆ ಯಾರಾದರೂ ಹೀಗೇ ನಕ್ಕು ಸಾಹೇಬರ ಕಿವಿಗೆ ಮುಟ್ಟಿಸುವ ಮೊದಲು ನಾನೇ ಹೇಳಬೇಕು ಅನ್ನಿಸಿತು. ಮರುದಿನ ಎಡಗೆನ್ನೆ ಮುಗಿಸಿ, ಬಲಗೆನ್ನೆಗೆ ನೊರೆ ಹಚ್ಚುತ್ತ ಹೇಳಿದೆ. ಶೇಟಜಿ ಅಂಗಡಿ ಬಿಡಿಸಲು ದಾವೆ ಹಾಕಿದ್ದಾನೆ, ಸಹಾಯಕ್ಕೆಂದು ಹೇಳುತ್ತಿಲ್ಲ, ನಿಮಗೆ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ ಎಂದೆ.

ಸಾಹೇಬರು ಕಣ್ಣು ತೆರೆದರು. ಯಾವ ಕೋರ್ಟು ಎಂದರು. ಹೇಳಿದೆ. ಅದು ಅವರ ಕೈಕೆಳಗಿನ, ಹೊಸದಾಗಿ ಬಂದ ಎಳೆಯ ಜಡ್ಜರೊಬ್ಬರ ಕೋರ್ಟು. ನಾನು ಕಾದೆ. ಅವರು ಯಾವಾಗಲೂ ಕೇಳುವ ಆ ಮಾತು ಬರುತ್ತದೆ ಎಂದುಕೊಂಡೆ; ಶೇಟಜಿ ಏನನ್ನುತ್ತಾನೆ ಎಂದು ಹೇಳಲು ಈ ಸಲ ತಯಾರಾಗಿಯೇ ಬಂದಿದ್ದೆ. ಅವರು ಕೇಳಲಿಲ್ಲ. ಅರ್ಧ ಮುಖ ನುಣ್ಣಗೆ, ಅರ್ಧ ಬೆಳ್ಳಗೆ, ತೋಟದ ಕಡೆ ನೋಡುತ್ತ ಕೂತರು. ನೊರೆ ಒಣಗತೊಡಗಿತು.

"ಈ ಕಡಿ ಮುಗಸು," ಅಂದರು ಕೊನೆಗೆ.

ಮುಗಿಸಿದೆ. ಬಟ್ಟೆ ಒತ್ತಿದೆ. ಪೆಟ್ಟಿಗೆ ಮುಚ್ಚುವಾಗ, "ನಾಳಿಂದ ಬರಬ್ಯಾಡ. ಕೇಸ್ ಪೂರಾ ನಿಕಾಲ ಆಗೂತನಕ ಬರಬ್ಯಾಡ," ಎಂದು ಹೇಳಿ ಒಳಗೆ ಹೋದರು.

ನನಗೆ ಬಂದ ಸಿಟ್ಟು ಹೇಳತೀರದು. ನಾನೇನು ಕೇಳಿದ್ದೆ ಇವರನ್ನು? ಇಷ್ಟು ವರ್ಷ ಒಂದು ಹನಿ ರಕ್ತ ಹರಿಸದೆ ಕೆಲಸ ಮಾಡಿದವನನ್ನು ಒಂದು ಮಾತಿಗೆ ಮೆಟ್ಟಿಲು ಇಳಿಸಿದರಲ್ಲ ಎಂದು ಕುದಿದೆ. ಮನೆಯಲ್ಲಿ ಹೆಂಡತಿ ಸಮಾಧಾನ ಹೇಳಿದಳು. ಅವಳ ಮೇಲೂ ಹಾರಿದೆ. ಬೇರೆ ಯಾವನೋ ಆ ನರೂಲಿಗೆ ಕತ್ತಿ ಹಚ್ಚುತ್ತಾನೆ, ಕೊಯ್ಯುತ್ತಾನೆ, ಆಗ ಗೊತ್ತಾಗುತ್ತದೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ.

ಆದರೆ ಬೇರೆಯವನು ಯಾರೂ ಹಚ್ಚಲಿಲ್ಲ. ಸಾಹೇಬರ ಮುಖದ ಮೇಲೆ ಗಡ್ಡ ಬರತೊಡಗಿತು.

ಮೊದಲು ಕೋರ್ಟಿನವರು ಕಾಯಿಲೆ ಎಂದುಕೊಂಡರು. ಆಮೇಲೆ ಯಾರೋ ಸತ್ತಿರಬೇಕು ಎಂದರು. ಅದಕ್ಕೂ ಒಂದು ಮಿತಿ ಇರುತ್ತದಲ್ಲ? ಗಡ್ಡ ಬೆಳೆಯುತ್ತಲೇ ಹೋಯಿತು. ಬಿಳಿ, ಒರಟು, ಕಾಲರಿನ ಮೇಲೆ ಹರಡಿ ಕೂತ ಗಡ್ಡ. ತಿರುಪತಿಗೆ ಹರಕೆ ಎಂದರು ಕೆಲವರು. ಯಾವುದೋ ಬಾಬಾನ ಶಿಷ್ಯರಾಗಿದ್ದಾರೆ ಎಂದರು ಇನ್ನು ಕೆಲವರು. ಕೈಕೆಳಗಿನ ಒಬ್ಬ ಅಧಿಕಾರಿ ಸಾಹೇಬರನ್ನು ಮೆಚ್ಚಿಸಲು ತಾನೂ ಗಡ್ಡ ಬಿಟ್ಟನಂತೆ. ಸಾಹೇಬರು ಅವನನ್ನು ಕರೆದು, ನಿಮ್ಮ ಮನೆಯಲ್ಲಿ ಯಾರು ಹೋದರು ಎಂದು ಮರಾಠಿಯಲ್ಲಿ ವಿಚಾರಿಸಿದ ಮೇಲೆ ಮರುದಿನವೇ ಬೋಳಿಸಿಕೊಂಡು ಬಂದನಂತೆ. ಇದನ್ನೆಲ್ಲ ನನಗೆ ಹೇಳಿದವನು ಅವರ ಚಪರಾಸಿ. ಅವನು ಕ್ಷೌರಕ್ಕೆ ನನ್ನ ಅಂಗಡಿಗೇ ಬರುತ್ತಿದ್ದ.

ಗಡ್ಡ ಯಾಕೆ ಎಂದು ಹೇಳಿದವನೂ ಅವನೇ. ಬಾಯಿಸಾಹೇಬರು, ಅಂದರೆ ಸಾಹೇಬರ ಹೆಂಡತಿ, ಆ ಗಡ್ಡ ನೋಡಲಾಗದೆ ಒಂದು ದಿನ ಬೇರೆ ಕ್ಷೌರದವನನ್ನು ಕರೆಸಿದರು. ಸಾಹೇಬರು ಅವನಿಗೆ ಚಹಾ ಕೊಡಿಸಿ ಕಳಿಸಿಬಿಟ್ಟರು. ಆಮೇಲೆ ಹೆಂಡತಿಗೆ ವರಾಂಡದಲ್ಲೇ ನಿಂತು ಹೇಳಿದ್ದನ್ನು ಚಪರಾಸಿ ಕೇಳಿಸಿಕೊಂಡಿದ್ದ. ಆ ಗದಗಿನ ಹುಡುಗನನ್ನು ಕರೆಸಿದರೆ ಜಡ್ಜ್ ಅವನ ಪರ ಇದ್ದಾನೆ ಎಂದು ಊರು ಅನ್ನುತ್ತದೆ. ಬೇರೆಯವನ ಮುಂದೆ ಗದ್ದ ಎತ್ತಿದರೆ, ಜಡ್ಜ್ ಅವನನ್ನು ಬಿಟ್ಟ ಎಂದು ಅನ್ನುತ್ತದೆ. ಎರಡೂ ಹೋಗಿ ಮುಟ್ಟುವುದು ಆ ಎಳೆಯ ಜಡ್ಜನ ಕಿವಿಗೆ. ಅವನ ಕೆಲಸದ ಬಗ್ಗೆ ವರ್ಷಾವರ್ಷ ಮೇಲಕ್ಕೆ ಬರೆದು ಕಳಿಸುವವನು ನಾನು. ಅವನು ನನ್ನ ಗದ್ದ ನೋಡಿ ತೀರ್ಪು ಬರೆಯಬಾರದು, ಎಂದಿದ್ದರು ಸಾಹೇಬರು.

ಕತ್ತರಿ ಹಿಡಿದ ನನ್ನ ಕೈ ಚಪರಾಸಿಯ ತಲೆಯ ಮೇಲೆ ಹಾಗೇ ನಿಂತಿತು. ನನಗಾಗಿ ಅಲ್ಲ, ಶೇಟಜಿಗಾಗಿಯೂ ಅಲ್ಲ, ಯಾವ ಕಡೆಗೂ ವಾಲಬಾರದು ಎಂದು ಒಬ್ಬ ಮನುಷ್ಯ ತನ್ನ ಮುಖವನ್ನೇ ಹೀಗೆ ಬಿಟ್ಟುಕೊಂಡಿದ್ದು ನಾನು ಕೇಳಿರಲಿಲ್ಲ.

ನಾಗಪುರದ ಬೇಸಿಗೆಯನ್ನು ಕಂಡವರಿಗೆ ಆ ಗಡ್ಡದ ಬೆಲೆ ಗೊತ್ತು. ವೈಶಾಖದಲ್ಲಿ ಇಲ್ಲಿ ಡಾಂಬರು ಕಾಲಿಗೆ ಹತ್ತುತ್ತದೆ. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಹೊಡೆದರೂ ಮಧ್ಯಾಹ್ನ ಮನೆಯೊಳಗಿನ ಹಿತ್ತಾಳೆ ಪಾತ್ರೆ ಮುಟ್ಟಲಾಗದು. ಆ ಬಿಸಿಲಲ್ಲಿ ಕಪ್ಪು ಕೋಟು, ಬಿಗಿ ಕಾಲರು, ಅದರ ಮೇಲೆ ಗಡ್ಡ. ಒಂದು ದಿನ ಟಾಂಗಾದಲ್ಲಿ ಹೋಗುತ್ತಿದ್ದವರನ್ನು ಅಂಗಡಿಯ ಬಾಗಿಲಿನಿಂದ ನೋಡಿದೆ. ಗಂಟಲಿಗೆ ಒದ್ದೆ ಕರವಸ್ತ್ರ ಒತ್ತಿಕೊಂಡಿದ್ದರು. ಗಡ್ಡವನ್ನು ತಾವೇ ಕತ್ತರಿಯಿಂದ ಸರಿಮಾಡಿಕೊಂಡಿದ್ದರು ಅಂತ ಕಾಣುತ್ತದೆ; ಎಡಗಡೆ ಉದ್ದ, ಬಲಗಡೆ ಗಿಡ್ಡ. ತಲೆಯಲ್ಲಿ ಮೊದಲೇ ಕೂದಲು ಕಡಿಮೆ, ಕಿವಿಯ ಹಿಂದಿನ ನಾಲ್ಕು ಎಳೆಯನ್ನು ಬಾಯಿಸಾಹೇಬರು ಕತ್ತರಿಸುತ್ತಿದ್ದರಂತೆ. ಕಸುಬುದಾರನ ಕಣ್ಣಿಗೆ ಅದನ್ನೆಲ್ಲ ನೋಡುವುದು ಎಷ್ಟು ಕಷ್ಟ ಎಂದು ಹೇಗೆ ಹೇಳಲಿ? ಅವರು ನನ್ನನ್ನು ನೋಡಿದರು. ನಗಲಿಲ್ಲ, ತಲೆ ಆಡಿಸಲಿಲ್ಲ. ಮುಖ ಮುಂದಕ್ಕೆ ತಿರುಗಿಸಿಕೊಂಡರು. ನನಗೆ ಸಿಟ್ಟು ಬರಲಿಲ್ಲ.

ಅವರಿಗೆ ಕನ್ನಡವೂ ನಿಂತುಹೋಗಿದೆ ಎಂದು ಹೊಳೆದದ್ದು ಆಗಲೇ.

ಮಳೆಗಾಲದಲ್ಲಿ ತೀರ್ಪು ಬಂತು. ನಾನು ಸೋತೆ. ಶೇಟಜಿಗೆ ಮಗನ ಸಲುವಾಗಿ ಜಾಗ ಬೇಕಾಗಿರುವುದು ನಿಜ ಎಂದು ಆ ಎಳೆಯ ಜಡ್ಜರು ಬರೆದಿದ್ದರು. ಸಾಮಾನು ತೆಗೆಯಲು ಸಾಕಷ್ಟು ಅವಧಿ ಕೊಟ್ಟಿದ್ದರು. ನನ್ನ ವಕೀಲ ಅಪೀಲು ಮಾಡೋಣ ಎಂದ. ಅಪೀಲು ಹೋಗುವುದು ಜಿಲ್ಲಾ ನ್ಯಾಯಾಧೀಶರ ಕೋರ್ಟಿಗೇ. ಮಾಮಾ ಅಂದು ರೈಲ್ವೆಯ ಕೆಲಸ ಬಿಟ್ಟು ಓಡಿಬಂದ.

"ಈಗ ಬಂತು ನೋಡು ಮಜಾ. ಹಾಕು ಅಪೀಲು, ಜಲ್ದಿ ಹಾಕು. ಅವರು ತಾವು ಕೇಳ್ಲಿ, ಬ್ಯಾರೆಯವರ ಕಡಿ ಕಳಸ್ಲಿ, ಅವರ ಅಂಗಳದಾಗ ಬಂದ ಮ್ಯಾಲೆ ನಿನ್ನ ಕೈ ಬಿಡತಾರೇನು?"

ನನಗೂ ಆಸೆ ಆಯಿತು. ಇಲ್ಲ ಎನ್ನುವುದಿಲ್ಲ. ಕೈ ಸವೆಸಿ ಕಟ್ಟಿದ ಅಂಗಡಿ ಅದು. ತಟ್ಟೆಯ ಮುಂದೆ ಕೂತಿದ್ದಾಗ ಹೆಂಡತಿ ರೊಟ್ಟಿ ಹಾಕುತ್ತ ಹೇಳಿದಳು: "ನೀವು ಗೆದ್ರ ಅಂಗಡಿ ಉಳೀತೈತ್ರಿ. ಅವರ ಹೆಸರು ಉಳಿಯಂಗಿಲ್ಲ. ಆ ಗಡ್ಡಾ ಬಿಟ್ಟದ್ದ ಸುಳ್ಳಾಗತೈತಿ."

ಮಾಮಾ, ಹೆಂಗಸರಿಗೆ ಕೋರ್ಟಿನ ವಿಷಯ ತಿಳಿಯದು ಎಂದ. ಅವಳು ಅವನ ತಟ್ಟೆಗೂ ಒಂದು ರೊಟ್ಟಿ ಹಾಕಿ ಒಳಗೆ ಹೋದಳು. ನಾನು ಅಪೀಲು ಮಾಡಲಿಲ್ಲ. ಇದರಲ್ಲಿ ದೊಡ್ಡತನ ಏನೂ ಇಲ್ಲ. ಕತ್ತಿಯ ಜೋರಿನಿಂದ ಗೆದ್ದ ಎಂದು ಯಾರೂ ನನ್ನ ಬೆನ್ನ ಹಿಂದೆ ಅನ್ನಬಾರದು ಎಂಬ ಹಟವೂ ಅದರಲ್ಲಿ ಸೇರಿತ್ತು. ಕೊಟ್ಟ ಅವಧಿ ಮುಗಿಯುವ ತನಕ ಕಾಯದೆ ತೇಗದ ಕುರ್ಚಿಯನ್ನು ಹೊತ್ತು ತಂದು, ಅದೇ ರಸ್ತೆಯ ತುದಿಯಲ್ಲಿದ್ದ ಬೇವಿನ ಮರದ ಕೆಳಗೆ ಇಟ್ಟೆ. ಕನ್ನಡಿಯನ್ನು ಹಗ್ಗದಿಂದ ಕಾಂಡಕ್ಕೆ ಬಿಗಿದೆ. ಗಿರಾಕಿಗಳಲ್ಲಿ ಅರ್ಧ ಜನ ಬಂದರು. ಅರ್ಧ ಜನಕ್ಕೆ ರಸ್ತೆಯ ಬದಿ ಕೂರಲು ಮರ್ಯಾದೆ ಅಡ್ಡ ಬಂತು. ಶೇಟಜಿಯ ಮಗನ ಹೊಸ ಅಂಗಡಿಯ ಮುಂದೆ ಹಾಯುವಾಗ ನಾನು ಆಚೆ ದಂಡೆಯಿಂದ ಹೋಗುತ್ತಿದ್ದೆ.

ತೀರ್ಪು ಬಂದಾಗಿತ್ತು, ಅಂಗಡಿ ಹೋಗಿತ್ತು. ಆದರೂ ಸಾಹೇಬರಿಂದ ಕರೆ ಇಲ್ಲ. ಗಡ್ಡವೂ ತೆಗೆದಿಲ್ಲ ಎಂದ ಚಪರಾಸಿ. ಇನ್ನು ಬಂಗಲೆಯ ಕೆಲಸ ಮುಗಿಯಿತು ಎಂದೇ ನಾನು ತಿಳಿದಿದ್ದೆ.

ಒಂದು ಭಾನುವಾರ ಬೆಳಿಗ್ಗೆ, ತರಕಾರಿಯವರ ಗದ್ದಲದ ನಡುವೆ, ಬೇವಿನ ಮರದ ಮುಂದೆ ಟಾಂಗಾ ನಿಂತಿತು. ಧೋತರ ಉಟ್ಟು, ಕೋಲು ಹಿಡಿದು ಸಾಹೇಬರು ಇಳಿದರು. ಕುರ್ಚಿಯಲ್ಲಿ ಅರ್ಧ ಕ್ಷೌರವಾಗಿದ್ದ ಹಾಲಿನವನು ನೊರೆಯ ಸಮೇತ ಎದ್ದುನಿಂತ. ಅವನನ್ನು ಕೂರಿಸಿ, ತಮ್ಮ ಪಾಳಿ ಬರಲಿ ಎಂದು ಮರಾಠಿಯಲ್ಲಿ ಹೇಳಿ, ಸಾಹೇಬರು ಮರದ ಬುಡದ ಕಲ್ಲಿನ ಮೇಲೆ ಕೂತರು. ಬದನೆಕಾಯಿ ಮಾರುವ ಮುದುಕಿ ಯಾರೆಂದು ತಿಳಿಯದೆ ತನ್ನ ಗೋಣಿಚೀಲ ಕೊಟ್ಟಳು, ಅದನ್ನು ಹಾಸಿಕೊಂಡರು. ಬೀಟಿನ ಪೋಲೀಸ ಬಂದು ಗುರುತು ಹಿಡಿದು, ಸಲಾಮು ಹೊಡೆಯಬೇಕೋ ಜನರನ್ನು ಚದುರಿಸಬೇಕೋ ತಿಳಿಯದೆ ಅಲ್ಲೇ ನಿಂತುಬಿಟ್ಟ. ಹಾಲಿನವನ ಕ್ಷೌರ ಮುಗಿಸಿದಷ್ಟು ಬೇಗ ನನ್ನ ಜೀವನದಲ್ಲೇ ಯಾರದನ್ನೂ ಮುಗಿಸಿದ್ದಿಲ್ಲ.

ಸಾಹೇಬರು ಕುರ್ಚಿಗೆ ಬಂದು ಕೂತರು. ತಾವೇ ಗದ್ದ ಎತ್ತಿದರು.

"ಅಪೀಲಿನ ಮುದತು ನಿನ್ನೆ ಮುಗೀತು, ತಮ್ಮಾ," ಅಂದರು. "ಇನ್ನ ತೆಗಿ ಇದನ್ನ."

ಹಾಗಾದರೆ ಅವರು ಕಾಯುತ್ತಿದ್ದದ್ದು ಅದಕ್ಕೆ. ನಾನು ಅಪೀಲು ಹಾಕಬಹುದು, ಹಾಕಿದರೆ ಅದು ತಮ್ಮ ಅಂಗಳಕ್ಕೇ ಬರುತ್ತದೆ ಎಂದು, ಕೇಸು ಪೂರ್ತಿ ಮುಗಿಯುವ ತನಕ ಗಡ್ಡ ಇಟ್ಟುಕೊಂಡೇ ಕಾದಿದ್ದರು.

ಕತ್ತರಿ ಹಾಕಿದೆ. ಬಿಳಿ ಕೂದಲು ಉದುರಿ ಧೋತರದ ಮೇಲೆ ಬಿತ್ತು. ಅವರೇ ಮಾತಾಡಿದರು: "ಕನ್ನಡ ಮಾತಾಡಿ ಭಾಳ ದಿನ ಆತು. ನಾಲಿಗಿ ಒಣಗೇತಿ. ಏನರ ಮಾತಾಡು. ನಿನ್ನ ಹೇಣ್ತಿಗೆ ಇಲ್ಲೀ ನೀರು ಈಗರ ಹಿಡಸ್ತೋ?"

ಹಿಡಿಸಿದೆ ಎಂದೆ. ನೊರೆ ಹಚ್ಚಿ ಕತ್ತಿ ಇಳಿಸಿದೆ. ಗಡ್ಡದ ಕೆಳಗೆ ಚರ್ಮವೆಲ್ಲ ಬೆವರುಸಾಲೆ ಎದ್ದು ಕೆಂಪಾಗಿ ಒಡೆದಿತ್ತು. ನರೂಲಿಯ ಹತ್ತಿರ ಬಂದಾಗ ಕೈ ದಾರಿ ಮರೆತಂತಾಯಿತು. ಕತ್ತಿ ಎತ್ತಿ, ಉಸಿರು ತೆಗೆದುಕೊಂಡು, ಮತ್ತೆ ಇಟ್ಟೆ. ರಕ್ತ ಬರಲಿಲ್ಲ.

ಅಂದಿನಿಂದ ಮತ್ತೆ ಬಂಗಲೆಗೆ ಹೋಗತೊಡಗಿದೆ. ಜಡ್ಜ್ ಸಾಹೇಬರು ಕೂತ ಮರ ಎಂದು ವಕೀಲರು, ಗುಮಾಸ್ತರು, ಮರ್ಯಾದೆ ಅಡ್ಡ ಬಂದಿದ್ದ ಹಳೆಯ ಗಿರಾಕಿಗಳು, ಎಲ್ಲರೂ ಬೇವಿನ ಕೆಳಗೆ ಬಂದರು. ಸಾಹೇಬರು ಇದನ್ನು ತಿಳಿದೇ ಅಲ್ಲಿ ಬಂದು ಕೂತರೋ, ಅಥವಾ ನನ್ನನ್ನು ಬಂಗಲೆಗೆ ಕರೆಸುವುದಕ್ಕಿಂತ ತಾವೇ ಬರುವುದು ಸರಿ ಎಂದುಕೊಂಡರೋ, ನಾನು ಕೇಳಲಿಲ್ಲ. ಮುಂದೆ ನಾನು ಇನ್ನೊಂದು ಅಂಗಡಿ ಮಾಡಿದ್ದು, ಮಕ್ಕಳನ್ನು ಓದಿಸಿದ್ದು, ಎಲ್ಲದರ ಬೇರು ಆ ಮರದ ಕೆಳಗಿದೆ.

ರಾಜ್ಯಗಳು ಒಡೆದು ಕೂಡಿದ ವರ್ಷ ನಾಗಪುರ ರಾಜಧಾನಿ ಎನ್ನಿಸಿಕೊಳ್ಳುವುದು ನಿಂತಿತು. ಸಿವಿಲ್ ಲೈನ್ಸಿನ ಎಷ್ಟೋ ಬಂಗಲೆಗಳಿಂದ ಸಾಮಾನಿನ ಲಾರಿಗಳು ಭೋಪಾಳಕ್ಕೆ ಹೋದವು. ಸಾಹೇಬರು ಎಲ್ಲಿಗೂ ಹೋಗದೆ, ಸ್ವಲ್ಪ ದಿನದಲ್ಲೇ ನಿವೃತ್ತರಾಗಿ ಧಂತೋಲಿಯ ಸಣ್ಣ ಮನೆಗೆ ಬಂದರು. ಅಲ್ಲಿ ಮೊದಲ ಬೆಳಿಗ್ಗೆ ನಾನು ನೊರೆ ಕಲೆಸುತ್ತಿದ್ದಾಗ, ಹುಡುಗರಂತೆ ಮುಂದಕ್ಕೆ ಬಾಗಿ ಕೂತರು.

"ಇವತ್ತ ನಾ ಜಡ್ಜ್ ಅಲ್ಲ. ಈಗ ಹೇಳು, ಆ ಅಂಗಡಿ ಕೇಸ್ ಏನಿತ್ತು?"

ಅಷ್ಟು ದಿನ ಅದನ್ನು ಒಳಗೇ ಇಟ್ಟುಕೊಂಡಿದ್ದರು ಆ ಮನುಷ್ಯ. ನಾನು ಹೇಳಿದೆ. ಮೊದಲಿನಿಂದ ಹೇಳಿದೆ, ಶೇಟಜಿಗೆ ಬೇರೆ ಕೋಣೆಗಳಿದ್ದದ್ದು, ನಾನು ಆ ಜಾಗಕ್ಕೆ ಸುರಿದ ಬೆವರು, ಎಲ್ಲ. ಹಚ್ಚಿದ ನೊರೆ ಒಣಗಿತು, ಮತ್ತೆ ಹಚ್ಚಿದೆ. ಮುಗಿದ ಮೇಲೆ ಅವರು ಕಣ್ಣುಮುಚ್ಚಿ ಕೇಳಿದರು:

"ಅವಾ ಏನಂತಾನ?"

ತಡವಾಗಿ ಬಂದ ಆ ಮಾತಿಗೆ ಉತ್ತರ ಹೇಳುವಾಗ ನನ್ನ ದನಿ ಮೊದಲಿನ ಹಾಗೆ ಇರಲಿಲ್ಲ. ರಸ್ತೆಯ ಆಚೆ ದಂಡೆಯಿಂದ ಹಾಯುತ್ತಿದ್ದೆ ಎಂದೆನಲ್ಲ, ಅಲ್ಲಿಂದಲೂ ಕಣ್ಣಿಗೆ ಬೀಳುವುದು ತಪ್ಪುತ್ತಿರಲಿಲ್ಲ. ಶೇಟಜಿಯ ಮಗನ ಬಲಗೈ, ದಾವೆಗೂ ಮೊದಲೇ ಗಿರಣಿಯ ಯಂತ್ರದಲ್ಲಿ ಸಿಕ್ಕು, ಮಣಿಕಟ್ಟಿನಿಂದ ಮುಂದಕ್ಕೆ ಇರಲಿಲ್ಲ.

"ಬಟ್ಟಿ ಅಳೆಯುವಾಗ ಒಂದು ತುದಿ ಹಲ್ಲಿನಾಗ ಕಚ್ಚಿ ಹಿಡೀತಾನ್ರಿ," ಅಂದೆ. "ಶೇಟ ಅನ್ನೂದು ಇಷ್ಟ: ಈ ಹುಡುಗ ಕೂತು ಮಾಡೂ ಕೆಲಸ ಬ್ಯಾರೆ ಯಾವುದೈತಿ, ರಸ್ತೆ ಮ್ಯಾಲಿನ ಜಾಗ ಬಿಟ್ರ ಒಳಗಿನ ಕೋಣ್ಯಾಗ ಯಾರ್ ಬರತಾರ ಅಂತ."

ಸಾಹೇಬರು ಕಣ್ಣು ತೆರೆದರು. "ಹಂಗಾದ್ರ ತೀರ್ಪು ಬರೋಬರ್ ಆತೇನು?"

"ಅರ್ಧಾ ಬರೋಬರ್ ರೀ."

ಅವರು ಜೋರಾಗಿ ನಕ್ಕರು. ನಾನು ಕತ್ತಿ ಎತ್ತಿ ಹಿಡಿದು ನಗು ನಿಲ್ಲಲಿ ಎಂದು ಕಾಯಬೇಕಾಯಿತು. ನಕ್ಕು ನಕ್ಕು ನಿಂತ ಮೇಲೆ, ನನ್ನ ಕಡೆ ನೋಡದೆ ಅಂದರು: "ನಾನೂ ಭಾಳ ಕೇಸಿನಾಗ ಅರ್ಧಾನ ಬರೋಬರ್ ಮಾಡೇನಿ, ತಮ್ಮಾ. ಉಳದ ಅರ್ಧಾ ಇನ್ನೂ ನೆನಪಾಗತೈತಿ."

ಇವತ್ತು ಪ್ರತಾಪ ನಗರದ ಮನೆಯಲ್ಲಿ ಮೊಮ್ಮಕ್ಕಳು ಒಬ್ಬರ ಮೇಲೊಬ್ಬರು ಮರಾಠಿಯಲ್ಲಿ ದೂರು ತರುತ್ತಾರೆ. ನಾನು ಕನ್ನಡದಲ್ಲಿ ಸಾಹೇಬರ ಅದೇ ಪ್ರಶ್ನೆ ಕೇಳುತ್ತೇನೆ. ಅವರಿಗೆ ಬರುವ ಕನ್ನಡದಲ್ಲಿ ಅದೊಂದು ಪೂರಾ ಬರುತ್ತದೆ.

ಧಂತೋಲಿಯ ಮನೆಯಲ್ಲಿ ಅವರು ಹೆಚ್ಚು ವರ್ಷ ಬಾಳಲಿಲ್ಲ. ಒಂದು ಚಳಿಗಾಲ ಜ್ವರ ಹಿಡಿಯಿತು. ಹಾಸಿಗೆ ಹಿಡಿದ ಮೇಲೆ ಕ್ಷೌರ ಬೇಡ ಎಂದಿದ್ದರು. ಹೋದ ದಿನ ಬಾಯಿಸಾಹೇಬರು ಆ ಹಳೆಯ ಚಪರಾಸಿಯನ್ನೇ ಕಳಿಸಿದರು. ಗಡ್ಡದ ಮುಖದಲ್ಲಿ ಅವರನ್ನು ಕಳಿಸುವುದು ಬೇಡ ಎಂದರಂತೆ.

ಅಂಗಳದಲ್ಲಿ ನಿವೃತ್ತ ಅಧಿಕಾರಿಗಳು, ವಕೀಲರು, ಅವರ ಮನೆಯ ಹೊಸ್ತಿಲನ್ನು ಎಂದೂ ತುಳಿಯದ ನಮ್ಮ ಕನ್ನಡದವರು, ಎಲ್ಲ ನೆರೆದಿದ್ದರು. ಬಿಸಿನೀರು ತರಿಸಿದೆ. ಸತ್ತವರಿಗೆ ಬಿಸಿನೀರು ಯಾಕೆ ಎಂದು ಯಾರೋ ಅಂದರು, ನಾನು ತರಿಸಿದೆ. ನೊರೆ ಕಲೆಸಿ ಹಚ್ಚಿದೆ. ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಬಂದೆ. ಹೊತ್ತಾಯಿತು, ಜಲ್ದಿ ಮಾಡು ಎಂದರು ಹಿಂದಿನಿಂದ. ನಾನು ಜಲ್ದಿ ಮಾಡಲಿಲ್ಲ. ಗದ್ದ ಎತ್ತಿ ಹಿಡಿದು ಗಂಟಲಿಗೆ ಇಳಿದೆ. ನರೂಲಿಯ ಹತ್ತಿರ ಬಂದಾಗ ಕತ್ತಿ ತಾನೇ ನಿಂತಿತು. ಇನ್ನು ಅಲ್ಲಿ ರಕ್ತ ಬರುವ ಭಯ ಇರಲಿಲ್ಲ. ಆದರೂ ಎತ್ತಿದೆ, ಬಲಕ್ಕೆ ಹೊರಳಿಸಿ ಸುತ್ತುಹಾಕಿ ಕೆಳಗೆ ಹೋದೆ, ಮತ್ತೆ ಮೇಲೆ ಬಂದು ಅದರ ಬುಡದ ಆ ಎರಡು ಕೂದಲನ್ನು ತೆಗೆದೆ.